ಮುದ್ರಿ ಹೂವಿನ ಕಣ್ಣು

ಮುತ್ತಲಗಟ್ಟಿ ಎಂಬ ಹೆಸರನ್ನು ಹನ್ನೆರಡು ವರ್ಷಗಳಲ್ಲಿ ತಾನು ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ ಎಂಬುದು ಈರೇಶನಿಗೆ ಹೊಳೆದದ್ದು ಕಂಡಕ್ಟರ್ ಎರಡನೆಯ ಸಲ ‘ಎಲ್ಲಿಗ್ರಿ ಸರ್’ ಎಂದು ಕೇಳಿದಾಗ. ಮೊದಲ ಸಲ ಹೇಳಿದ್ದು ಅವನಿಗೇ ಕೇಳಿಸಿರಲಿಲ್ಲ. ಈಗ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳಿದ. ಮುಂದಿನ ಸೀಟಿನ ಮುದುಕಿ ಹೊರಳಿ ನೋಡಿದಳು. ಅಷ್ಟಕ್ಕೇ ಅವನ ಕಿವಿ ಬಿಸಿಯಾಯಿತು. ತೊಡೆಯ ಮೇಲಿನ ಚೀಲದಲ್ಲಿ ಮನೆಗಳ ಪಟ್ಟಿ, ಬಾಗಿಲಿಗೆ ಅಂಟಿಸುವ ಚೀಟಿಗಳು, ನೀರಿನ ಬಾಟಲಿ, ಹೆಂಡತಿ ಅಮೃತಾ ಕಟ್ಟಿಕೊಟ್ಟ ರೊಟ್ಟಿಯ ಗಂಟು ಇದ್ದವು. ಮನೆಮನೆ ಸಮೀಕ್ಷೆಯ ಕೆಲಸ ನವಲಗುಂದದ ಅವನ ಹೈಸ್ಕೂಲಿನ ಎಲ್ಲ ಮಾಸ್ತರರ ಪಾಲಿಗೂ ಬಂದಿತ್ತು. ಹಂಚಿಕೆಯಲ್ಲಿ ತನಗೆ ಮುತ್ತಲಗಟ್ಟಿ ಬಿದ್ದದ್ದನ್ನು ನೋಡಿದ ದಿನವೇ ಅವನು ಗಣಿತದ ರಾಮಪ್ಪ ಮಾಸ್ತರರ ಬಳಿ ಹೋಗಿ, ಬೆನ್ನುನೋವು, ಅಷ್ಟು ದೂರ ನಡೆಯಲಾಗದು ಎಂದು ಸುಳ್ಳು ಹೇಳಿ ಊರು ಬದಲಿಸಿಕೊಂಡಿದ್ದ. ಒಂಬತ್ತು ದಿನಗಳ ಮೇಲೆ ತಾನೇ ಹೋಗಿ, ಹೆಸರೆತ್ತದೆ, ಆ ಊರಿನ ಪಟ್ಟಿಯನ್ನೇ ಮತ್ತೆ ಕೇಳಿ ಪಡೆದ. ‘ಬೆನ್ನ ಆರಾಮಾತೇನ್ರಿ?’ ಎಂದರು ರಾಮಪ್ಪ. ‘ಆತ್ರಿ’ ಎಂದ. ನಡುವಿನ ಒಂಬತ್ತು ದಿನಗಳಲ್ಲಿ ಆದದ್ದು ಇಷ್ಟೆ. ಅವನು ಒಂದು ಹೂವನ್ನು ನೋಡಿದ್ದ.

ಸಮೀಕ್ಷೆಯ ತರಬೇತಿ ಮುಗಿಸಿಕೊಂಡು ಅಣ್ಣಿಗೇರಿಯಿಂದ ಬರುವಾಗ, ನಾಲ್ಕು ಗಂಟೆಯ ಹೊತ್ತಿಗೆ, ಬೈಕಿನ ಚೈನು ಕಳಚಿ ಅವನು ರಸ್ತೆಯ ಮಗ್ಗುಲಲ್ಲಿ ಕೂತಿದ್ದ. ಎರಡೂ ಕಡೆ ಕಣ್ಣು ಹರಿಯುವವರೆಗೆ ಮರವಿಲ್ಲದ ಎರೆಹೊಲ. ಬದುವಿನ ಮೇಲೆ ಮಾತ್ರ, ಯಾರೂ ನೆಡದ, ಯಾರೂ ನೀರೆರೆಯದ ಮುದ್ರಿ ಗಿಡಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಮಳೆ ಕೈಕೊಟ್ಟ ವರ್ಷವೂ ಅವು ಹೀಗೆಯೇ ನಿಲ್ಲುತ್ತವೆ. ಮಗುವಿನ ಕಿವಿಯಂಥ ಮೆತ್ತಗಿನ ಬೂದುಬಣ್ಣದ ಎಲೆ, ಹಲ್ಲುಹಲ್ಲಾದ ದುಂಡನೆಯ ಕಾಯಿ. ಅದನ್ನು ಹಸಿ ಮಣ್ಣಿಗೆ ಒತ್ತಿ ಮುದ್ರೆ ಮೂಡಿಸಿ ಆಡದ ಮಕ್ಕಳು ಈ ಸೀಮೆಯಲ್ಲಿಲ್ಲ. ಹತ್ತಿ, ಬೆಂಡಿ, ಪುಂಡಿ ಎಲ್ಲ ಇದರ ಬಳಗವೇ ಎಂದು ಇಪ್ಪತ್ತನಾಲ್ಕು ವರ್ಷಗಳಿಂದ ಅವನು ಪಾಠ ಹೇಳಿದ್ದಾನೆ. ಹೂವು ಹಳದಿ ಎಂದೂ ಹೇಳಿದ್ದಾನೆ. ಆದರೆ ಮುದ್ರಿ ಹೂವು ಅರಳುವುದು ಹೊತ್ತು ಇಳಿದ ಮೇಲೆ. ಅವನು ಮಕ್ಕಳನ್ನು ಬದುವಿಗೆ ಕರೆದೊಯ್ಯುತ್ತಿದ್ದದ್ದು ಬೆಳಗಿನ ತಂಪಿನಲ್ಲಿ. ಹಾಗಾಗಿ ಅವನು ಕಂಡದ್ದೆಲ್ಲ ಮುಚ್ಚಿದ ಮೊಗ್ಗು, ಮುದುಡಿದ ಹೂವು, ಪುಸ್ತಕದ ಚಿತ್ರ. ಅಂದು ಅವು ಪೂರ್ತಿ ಅರಳಿದ್ದವು. ಎದುರಿನ ಗಿಡದ ಹೂವಿನ ನಟ್ಟನಡುವೆ ಕಡುಗೆಂಪು ಕಣ್ಣೊಂದಿತ್ತು. ಅದರ ಪಕ್ಕದ ಗಿಡದಲ್ಲಿ ಇರಲಿಲ್ಲ, ಬರೀ ಹಳದಿ. ಅದರಾಚೆಯದರಲ್ಲಿ ಕಣ್ಣು ಮಸುಕಾಗಿ, ಯಾರೋ ಅರ್ಧ ಒರೆಸಿದಂತೆ ಇತ್ತು. ಹತ್ತು ಮಾರು ಬದುವಿನಲ್ಲಿ ಎಷ್ಟು ಬಗೆ! ಅವನು ತೋರುಬೆರಳನ್ನು ನಾಲಿಗೆಗೆ ಮುಟ್ಟಿಸಿ ಆ ಕೆಂಪಿನ ಮೇಲೆ ಮೆಲ್ಲಗೆ ತಿಕ್ಕಿದ. ಬೆರಳು ತೆಗೆದು ನೋಡಿದ. ಏನೂ ಅಂಟಿರಲಿಲ್ಲ. ಕಳಚಿದ ಚೈನನ್ನು ಮರೆತು ಅವನು ಬದುವಿನ ಹಸಿ ಮಣ್ಣಿನಲ್ಲಿ ಕೂತುಬಿಟ್ಟಿದ್ದ.

ಮರುದಿನ ರಜೆ ಹಾಕಿ ಧಾರವಾಡಕ್ಕೆ ಹೋಗಿ ತನ್ನ ಹಳೆಯ ಕಾಲೇಜಿನ ಲೈಬ್ರರಿಯಲ್ಲಿ ಗಿಡಗಳ ದಪ್ಪ ಪುಸ್ತಕ ತೆಗೆಸಿದ. ಒಣನಾಡಿನ ಗಿಡ, ಹೂವು ಹಳದಿ, ನಡುವೆ ಕಡುಗೆಂಪು ಮಚ್ಚೆ ಇರಬಹುದು ಅಥವಾ ಇಲ್ಲದಿರಬಹುದು, ಎಂದು ಒಂದೇ ಸಾಲು. ಆ ಪುಸ್ತಕ ಆ ಕಪಾಟಿನಲ್ಲಿ ಅವನು ಓದುತ್ತಿದ್ದ ಕಾಲದಿಂದಲೂ ಇತ್ತು.

ಬಸ್ಸು ಎಲ್ಲೋ ನಿಂತಿತು, ಹೊರಟಿತು. ಹನ್ನೆರಡು ವರ್ಷದ ಹಿಂದಿನ ಆ ಹತ್ತನೆಯ ತರಗತಿಯಲ್ಲಿ ಐವತ್ತೆರಡು ಮಕ್ಕಳಿದ್ದರು. ಇಪ್ಪತ್ತು ಗಿಡಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ತನ್ನಿ ಎಂದು ಹೇಳಿದ್ದ. ಬಹಳ ಮಂದಿ ಶಾಲೆಯ ಕಂಪೌಂಡಿನಲ್ಲಿ ಸಿಕ್ಕಿದ್ದನ್ನು ಅಂಟಿಸಿ ತಂದಿದ್ದರು. ಮುತ್ತಲಗಟ್ಟಿಯ ಕುರಿ ಕಾಯುವ ಲಕ್ಷ್ಮಪ್ಪನ ಮಗಳು ಸೀಮಾ ಮಾತ್ರ ಹಾಳೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಮೇಲೆ ನೂಲು ಕಟ್ಟಿ ತಂದಿದ್ದಳು. ಅವುಗಳಲ್ಲಿ ಒಂದರಲ್ಲಿ ಎರಡು ಮುದ್ರಿ ಹೂವು. ಕೆಳಗೆ ದುಂಡನೆಯ ಅಕ್ಷರದಲ್ಲಿ, ‘ಒಂದು ಗಿಡದ ಹೂವಿಗೆ ಕಣ್ಣು ಇದೆ. ಒಂದಕ್ಕೆ ಇಲ್ಲ. ಯಾಕೆ ಗೊತ್ತಿಲ್ಲ.’ ಗೊತ್ತಿಲ್ಲ ಎಂಬ ಮಾತು ಅವನನ್ನು ಚುಚ್ಚಿತು. ಹಿಂದಿನ ದಿನವಷ್ಟೇ ಶಾಲೆ ನೋಡಲು ಬಂದ ಅಧಿಕಾರಿಯೊಬ್ಬ ಇದೇ ಮಕ್ಕಳ ಎದುರಿಗೆ ಅವನಿಗೊಂದು ಪ್ರಶ್ನೆ ಕೇಳಿ, ಅವನು ಗೊತ್ತಿಲ್ಲವೆಂದಾಗ, ‘ಗೊತ್ತಿಲ್ಲ ಅನ್ನೂ ಮಾಸ್ತರಗ ವಿಜ್ಞಾನ ಕಲಸಾಕ ಯಾರ ಹೇಳಿದ್ರಿ?’ ಎಂದು ನಕ್ಕು ಹೋಗಿದ್ದ. ಈ ಹುಡುಗಿ ಅದನ್ನೇ ಬರೆದು ತಂದು ತನ್ನನ್ನು ಆಡಿಸುತ್ತಿದ್ದಾಳೆ ಎಂದು ಆ ಗಳಿಗೆಯಲ್ಲಿ ಅವನಿಗೆ ನಿಜವಾಗಿಯೂ ಅನಿಸಿತು. ಹಾಳೆಯನ್ನು ಎತ್ತಿ ಹಿಡಿದು, ‘ಹೂವಿಗೆ ಕುಂಕುಮ ಹಚ್ಚಿ ತಂದಾಳ ನೋಡ್ರಿ ಇಕಿ’ ಎಂದ. ತರಗತಿ ನಕ್ಕಿತು. ‘ಇಲ್ರಿ ಸರ್, ಹೊಲದಾಗ ಐತ್ರಿ. ಸಂಜಿಗೆ ಬರ್ರಿ, ತೋರಸ್ತೇನಿ’ ಎಂದಳು ಅವಳು, ಹೆದರಿಕೆಯಿಲ್ಲದೆ, ನಿಜಕ್ಕೂ ಕರೆಯುವವಳಂತೆ. ಅವನು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಆ ಮಚ್ಚೆಯನ್ನು ತಿಕ್ಕಿದ. ಬೆರಳಿಗೆ ಬಣ್ಣ ಹತ್ತಲಿಲ್ಲ. ಅದನ್ನು ಅವನು ನೋಡಿದ. ನೋಡಿ, ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ‘ಪಕ್ಕಾ ಶಾಯಿ ಐತಿ, ಹೋಗೂದಿಲ್ಲ. ಕುಂಡ್ರು’ ಎಂದ. ಕೆಂಪು ಪೆನ್ನಿನಿಂದ ಹಾಳೆಯ ಮೇಲೆ ‘ನಕಲಿ’ ಎಂದು ಬರೆದ. ಎರಡು ದಿನದಲ್ಲಿ ಹುಡುಗರು ಅವಳಿಗೆ ‘ಕುಂಕುಮದ ಸೀಮಾ’ ಎಂದು ಹೆಸರಿಟ್ಟರು. ಹದಿನೈದು ದಿನಕ್ಕೆ ಅವಳು ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳು ಇರುವೆಸಾಲಿನಂತೆ ಬೆಳೆದದ್ದು ಅವನ ಕೈಯಿಂದಲೇ.

ಇಷ್ಟೇ ಆಗಿದ್ದರೆ, ಎಷ್ಟೋ ಮಾಸ್ತರರಂತೆ, ಅವನೂ ಮರೆಯುತ್ತಿದ್ದನೇನೋ. ಏಪ್ರಿಲ್ಲಿನಲ್ಲಿ, ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಬಿಟ್ಟ ಮೇಲೆ, ಮಾಸ್ತರರ ಕೋಣೆಯಲ್ಲಿ ರಾಮಪ್ಪ ಚಹಾ ಕುಡಿಯುತ್ತ ಹೇಳಿದ್ದರು: ‘ಮುತ್ತಲಗಟ್ಟಿ ಕೆರ‍್ಯಾಗ ಹುಡುಗಿಯೊಂದ ಬಿದ್ದ ಸತ್ತಾಳಂತ. ನಮ್ಮ ಸಾಲಿ ಹುಡುಗಿನ ಅಂತ, ಹತ್ತನೇತ್ತಾಕಿ.’ ಯಾರು ಎಂದು ಅವನು ಕೇಳಬೇಕಿತ್ತು. ಎದ್ದು ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ. ಮರುದಿನ ಕೇಳೋಣವೆಂದುಕೊಂಡ, ನಿನ್ನೆ ಕೇಳದವನು ಇಂದು ಕೇಳಿದರೆ ಯಾಕೆಂದು ಕೇಳಿಯಾರು ಎಂದು ಸುಮ್ಮನಾದ. ಒಂದು ವಾರದ ಮೇಲೆ ಕೇಳುವುದು ಇನ್ನೂ ಕಷ್ಟವಾಯಿತು, ಒಂದು ವರ್ಷದ ಮೇಲೆ ಆಗದ ಮಾತಾಯಿತು. ಕಾಲು ಜಾರಿ ಬಿದ್ದಳೋ, ತಾನೇ ಹಾರಿಕೊಂಡಳೋ ಎಂಬ ಮಾತು ಊಟಕ್ಕೆ ಕೂತಾಗ, ಕ್ಷೌರಕ್ಕೆ ಕುತ್ತಿಗೆ ಬಗ್ಗಿಸಿದಾಗ, ಬೇರೆ ಯಾರದೋ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗ ಬಂದು ನಿಲ್ಲುತ್ತಿತ್ತು. ಅವನು ಆ ಊರಿನ ರಸ್ತೆ ಬಿಟ್ಟ, ಆ ಊರಿನ ಬೀಗರೊಬ್ಬರ ಗೃಹಪ್ರವೇಶ ಬಿಟ್ಟ. ಅಮೃತಾಗೂ ಹೇಳಲಿಲ್ಲ. ಹೂವು ನಕಲಿಯೇ ಆಗಿತ್ತು, ತಾನು ಬೈದದ್ದು ನ್ಯಾಯವೇ ಎಂಬ ಒಂದು ಎಳೆ ಮಾತ್ರ ಅವನ ಕೈಯಲ್ಲಿತ್ತು. ಬೈಕಿನ ಚೈನು ಕಳಚಿದ ದಿನ ಅದೂ ಕಡಿದುಹೋಯಿತು. ಎಳೆ ಕಡಿದ ಮೇಲೆ, ವಿಚಿತ್ರವೆಂದರೆ, ಹೆದರಿಕೆ ಕಡಿಮೆಯಾಯಿತು. ಸತ್ತವಳ ತಾಯಿ ತಂದೆಯ ಮುಂದೆ ನಿಂತು, ನಿಮ್ಮ ಮಗಳು ಸುಳ್ಳು ಹೇಳಿರಲಿಲ್ಲ, ಎಂದು ಹೇಳುವುದೊಂದು ಉಳಿಯಿತು.

ಎಂಟು ಗಂಟೆಗೆ ಊರು ಮುಟ್ಟಿದ. ಲಕ್ಷ್ಮಪ್ಪನ ಮನೆ ಯಾವುದು ಎಂದು ಬಸ್ಸಿಳಿದ ಕೂಡಲೇ ಕೇಳುತ್ತೇನೆ ಎಂದುಕೊಂಡಿದ್ದವನು ಕೇಳದೆ, ಪಟ್ಟಿಯ ಮೊದಲನೆಯ ಮನೆಗೆ ಹೋದ. ಕೆಲಸದ ನೆಪ ಅವನ ಮೈಗೆ ಹಿತವಾಗಿತ್ತು. ಮನೆಯಲ್ಲಿ ಎಷ್ಟು ಜನ, ಏನು ಓದಿದ್ದಾರೆ, ದನ ಎಷ್ಟು, ನೀರು ಎಲ್ಲಿಂದ. ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಒತ್ತಿಕೊಳ್ಳುತ್ತ, ಚೀಟಿ ಅಂಟಿಸುತ್ತ ಮೂರು ಮನೆ ಮುಗಿಸಿದ. ನಾಲ್ಕನೆಯ ಮನೆಯಲ್ಲಿ ಅರವತ್ತರ ಆಸುಪಾಸಿನ, ಹಣೆಗೆ ವಿಭೂತಿ ಹಚ್ಚಿದ ಹೆಂಗಸೊಬ್ಬಳು ಜೋಳ ಹಸನು ಮಾಡುತ್ತ ಕೂತಿದ್ದಳು. ಪಟ್ಟಿಯಲ್ಲಿ ಮಹಾದೇವಕ್ಕ ಎಂದಿತ್ತು. ಅವನಿಗೆ ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ತಂದಿಟ್ಟಳು.

‘ಮನಿಯಾಗ ಎಷ್ಟ ಮಂದಿ ಅವ್ವಾ?’ ಎಂದು ಈರೇಶ ಕೇಳಿದ.

‘ಮೂರ ಮಂದಿ ಬರ್ಕೋರಿ. ನಾಕ ಮಂದಿ ಇದ್ವಿ,’ ಎಂದಳು. ಅವಳ ನೋಟ ಗೋಡೆಯ ಕಡೆ ಹೋಯಿತು. ಅವನೂ ನೋಡಿದ. ಎರಡು ಜಡೆಯ ಹುಡುಗಿಯ ಫೋಟೋ. ಯಾವುದೋ ಗುಂಪಿನ ಚಿತ್ರದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದರಿಂದ ಮುಖ ಮಂಜುಮಂಜಾಗಿತ್ತು. ಹಿಂದೆ ಕಾಣುತ್ತಿದ್ದದ್ದು ತನ್ನ ಶಾಲೆಯ ಬೇವಿನಮರ ಎಂದು ಅವನಿಗೆ ಮೊದಲು ತಿಳಿಯಿತು. ಹುಡುಗಿ ಸೀಮಾ ಅಲ್ಲ ಎಂದು ಆಮೇಲೆ.

‘ನನ್ನ ಮಗಳ್ರಿ. ದಾನೇಶ್ವರಿ. ನೀವು ನವಲಗುಂದದ ಹೈಸ್ಕೂಲಿನವರೇನ್ರಿ? ಅಲ್ಲೇ ಓದ್ತಿದ್ಲರಿ. ಹತ್ತನೇತ್ತ ಪರೀಕ್ಷಾ ಬರದ ಬಂದಾಕಿ, ಎಂಟ ದಿವಸಕ್ಕ ಕೆರಿ ಪಾವಟಿಗಿ ಮ್ಯಾಲ ಕಾಲ ಜಾರಿದ್ಲು. ತಲಿಮ್ಯಾಲ ಒಂದ ಕೊಡ, ಬಗಲಾಗ ಒಂದ ಕೊಡ. ಅಕಿ ಹಿಂದ ನಮ್ಮ ನೆಗೆಣ್ಣಿ ಇದ್ಲರಿ, ಕಣ್ಣ ಮುಂದ ಹೋದ್ಲು.’ ಎಷ್ಟೋ ಸಲ ಹೇಳಿ ಸವೆದ ದನಿಯಲ್ಲಿ ಹೇಳಿ, ಮೊರದಿಂದ ಕಲ್ಲೊಂದನ್ನು ಆರಿಸಿ ಹೊರಗೆ ಹಾಕಿದಳು. ‘ನೆನಪ ಐತೇನ್ರಿ ಮಾಸ್ತರ್ರ ಅಕೀದು?’

ಈರೇಶನ ಎದೆಯಲ್ಲಿ ಏನೋ ಸಡಿಲವಾಗತೊಡಗಿತ್ತು. ಅದು ಏನೆಂದು ಗುರುತು ಸಿಕ್ಕ ಕೂಡಲೇ ಅವನು ನಾಚಿಕೆಯಿಂದ ಮುದುಡಿದ. ಮಗಳ ಫೋಟೋದ ಕೆಳಗೆ ಕೂತ ತಾಯಿಯ ಎದುರಿಗೆ ತನಗೆ ಹಗುರಾಗುತ್ತಿದೆ. ಅಷ್ಟೇ ಅಲ್ಲ, ಈ ಹುಡುಗಿಯ ನೆನಪು ಅವನಿಗೆ ಒಂದು ಚೂರೂ ಇರಲಿಲ್ಲ. ಇಡೀ ವರ್ಷ ಎದುರಿಗೆ ಕೂತವಳು. ಹನ್ನೆರಡು ವರ್ಷ ಅವನು ಒಬ್ಬ ಸತ್ತ ಹುಡುಗಿಯನ್ನು ಹೊತ್ತು ತಿರುಗಿದ್ದಾನೆ, ಆದರೆ ಸತ್ತವಳನ್ನಲ್ಲ. ನಿಜವಾಗಿ ಸತ್ತವಳಿಗೆ ಅವನ ಮನಸ್ಸಿನಲ್ಲಿ ಕೂರಲು ಒಂದು ಮಣೆಯೂ ಇರಲಿಲ್ಲ.

‘ಐತಿ ಅವ್ವಾ’ ಎಂದು ಸುಳ್ಳು ಹೇಳಿದ.

‘ಶ್ಯಾಣ್ಯಾಕಿ ಇದ್ಲೇನ್ರಿ?’

‘ಹೌದವ್ವಾ. ಶ್ಯಾಣ್ಯಾಕಿ ಇದ್ಲು.’

‘ಪಾಸಾಗಿದ್ಲರಿ,’ ಎಂದಳು ಮಹಾದೇವಕ್ಕ, ಅದು ಇವತ್ತಿನ ಸುದ್ದಿ ಎಂಬಂತೆ. ಅವನು ತಲೆ ಬಗ್ಗಿಸಿ ಮೂರು ಎಂದು ಒತ್ತಿದ. ಉಳಿದದ್ದನ್ನೆಲ್ಲ ಕೇಳಿ ಬರೆದುಕೊಂಡ. ಎದ್ದು ಬಾಗಿಲಿಗೆ ಚೀಟಿ ಅಂಟಿಸುವಾಗ, ಬೆನ್ನು ಅವಳ ಕಡೆ ಇದ್ದದ್ದರಿಂದ ಬಂದ ಧೈರ್ಯದಲ್ಲಿ, ‘ಇದ ಊರಾಗ ಲಕ್ಷ್ಮಪ್ಪ ಅಂತ... ಅವರ ಮಗಳು ಸೀಮಾ ಅಂತ ಇದ್ಲು...’ ಎಂದ. ಇದ್ದಳು ಎಂದೇ ಬಾಯಿಗೆ ಬಂತು.

‘ಸೀಮಾ? ಅದಾಳಲ್ರಿ. ಅಗದಿ ಆರಾಮ ಅದಾಳ. ಅಲ್ಲೇ ಕಾಲುವಿ ಬಾಜೂಕ ಹತ್ತಿ ಹೂವಿಗೆ ಕ್ರಾಸ್ ಮಾಡೂ ಹೊಲದಾಗ ಹೆಣ್ಣಮಕ್ಕಳನ್ನ ಕಟಗೊಂಡ ಕೆಲಸಾ ಮಾಡಸ್ತಾಳ. ನಮ್ಮ ದಾನವ್ವನ ಗೆಳತಿರಿ. ಹಬ್ಬಕ್ಕೊಮ್ಮೆ ಬಂದ ನನ್ನ ಮಾತಾಡಿಸೇ ಹೋಗ್ತಾಳ.’

ಅಂಗಳ ದಾಟಿ, ಬುಡನಸಾಬನ ಚಹಾದಂಗಡಿ ದಾಟಿ, ಊರ ಹೊರಗಿನ ಕಾಲುವೆಯ ಏರಿಗೆ ಬರುವವರೆಗೆ ಅವನು ಹೇಗೆ ನಡೆದನೋ ತಿಳಿಯದು. ಪಟ್ಟಿಯ ಐದನೆಯ ಮನೆ ಹಿಂದೆ ಉಳಿಯಿತು. ಏರಿಯ ಮೇಲೆ ನಿಂತು ಉಸಿರು ಬಿಟ್ಟಾಗ ಅದು ಬಿಕ್ಕಿನಂತೆ ಸದ್ದು ಮಾಡಿತು. ಅದಾಳ. ಆರಾಮ ಅದಾಳ. ಎರಡೇ ಮಾತು. ಅವುಗಳನ್ನು ಅವನು ಬಾಯಿಯಲ್ಲಿ ಬೆಲ್ಲದ ಹೆಂಟೆಯಂತೆ ಆ ಕಡೆ ಈ ಕಡೆ ಹೊರಳಿಸಿದ. ಈಗ ತಿರುಗಿ ಹೋದರೂ ಆದೀತು ಎಂಬ ಯೋಚನೆಯೂ ಬಂತು. ಅವಳು ಬದುಕಿದ್ದಾಳೆ, ಲೆಕ್ಕ ಮುಗಿಯಿತು, ಇನ್ನು ಅವಳ ಮುಂದೆ ಹೋಗಿ ಸಣ್ಣವನಾಗುವುದೇಕೆ? ಸತ್ತವಳ ಮನೆಯವರ ಮುಂದೆ ನಿಲ್ಲಲು ಸಿದ್ಧನಾಗಿ ಬಂದವನಿಗೆ ಬದುಕಿದವಳ ಮುಂದೆ ನಿಲ್ಲುವುದು ಕಷ್ಟವಾಗುತ್ತಿರುವುದನ್ನು ನೋಡಿ ಅವನಿಗೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಆ ಅಸಹ್ಯವೇ ಅವನನ್ನು ಏರಿಯಿಂದ ಕೆಳಗಿಳಿಸಿತು.

ಹೊಲದಲ್ಲಿ ಹತ್ತಿ ಎದೆಮಟ್ಟ ಬೆಳೆದು ಸಾಲುಸಾಲಾಗಿ ನಿಂತಿತ್ತು. ಗಿಡಗಳ ತುಂಬ ಕೆಂಪು ಕಾಗದದ ಪುಟ್ಟ ಟೊಪ್ಪಿಗೆಗಳು. ನಿನ್ನೆ ಸಂಜೆ ಮೊಗ್ಗುಗಳ ಪಕಳೆಯನ್ನೂ ಗಂಡುಭಾಗವನ್ನೂ ಉಗುರಿನಿಂದ ಸುಲಿದು ತೆಗೆದು ಹಾಕಿದ ಟೊಪ್ಪಿಗೆಗಳವು. ಈಗ ಹತ್ತೆಂಟು ಹೆಂಗಸರು ಅವನ್ನು ಕಳಚಿ, ಮಿಶ್ರತಳಿಯ ಬೀಜಕ್ಕಾಗಿ ಬೇರೆ ತಳಿಯ ಹೂವಿನ ಹುಡಿಯನ್ನು ಒಂದೊಂದಕ್ಕೆ ಮುಟ್ಟಿಸುತ್ತ ಸಾಲಿನಲ್ಲಿ ಮುಂದೆ ಹೋಗುತ್ತಿದ್ದರು. ತಲೆಗೆ ಟವೆಲು ಸುತ್ತಿ, ಹಲ್ಲಿನಲ್ಲಿ ದಾರದ ತುಂಡು ಕಚ್ಚಿಕೊಂಡಿದ್ದ ಒಬ್ಬಳು ತಲೆಯೆತ್ತಿ ನೋಡಿದಳು. ದಾರವನ್ನು ಬಾಯಿಂದ ತೆಗೆದಳು.

‘ಈರೇಶ ಸರ್,’ ಎಂದಳು. ಕೇಳುವ ದನಿಯಲ್ಲಿ ಅಲ್ಲ, ಗುರುತಿಸುವ ದನಿಯಲ್ಲಿ.

‘ನೀವು... ಕೆಲಸದಾಗ ಅದೀರಿ,’ ಎಂದ ಅವನು.

‘ನೀ ಅನ್ರಿ ಸರ್. ನೀವು ಅಂದ್ರ ಮತ್ಯಾರಿಗೋ ಅಂದಂಗ ಆಕ್ಕೈತಿ.’ ಸೀಮಾ ಮತ್ತೆ ಗಿಡದ ಕಡೆ ಬಗ್ಗಿದಳು. ‘ಹನ್ನೊಂದರ ತನಾ ಹೂವಿನ ಹೊತ್ತರಿ, ಕೈ ಬಿಡಾಕ ಬರೂದಿಲ್ಲ. ನನ್ನ ಹಿಂದ ಹಿಂದ ಬರ್ಕೊಂತ ಮಾತಾಡ್ರಿ.’

ಅವನು ಚೀಲ ಹೊತ್ತುಕೊಂಡೇ ಅವಳ ಹಿಂದೆ ಸಾಲಿನಲ್ಲಿ ನಡೆದ. ಅವಳ ಮುಖ ಕಾಣುತ್ತಿರಲಿಲ್ಲ, ಕೈಗಳಷ್ಟೇ ಕಾಣುತ್ತಿದ್ದವು. ಟೊಪ್ಪಿಗೆ ಕಳಚುವುದು, ಹೂವು ಮುಟ್ಟಿಸುವುದು, ತೊಟ್ಟಿಗೆ ಗುರುತಿನ ದಾರ ಬಿಗಿಯುವುದು. ಹೇಗೆ ಶುರುಮಾಡಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಸತ್ತವಳ ಮನೆಗೆ ಹೊಂದುವಂಥವು. ಕೊನೆಗೆ ನೇರವಾಗಿ ಹೇಳಿದ. ‘ನೀ ತಂದಿದ್ದ ಮುದ್ರಿ ಹೂವು ಖರೇ ಇತ್ತು ಸೀಮಾ.’

‘ಗೊತ್ತೈತ್ರಿ.’

‘ಅಷ್ಟ ಅಲ್ಲ. ನಾ ಅದನ್ನ ತಿಕ್ಕಿದಾಗ ನನ್ನ ಬೆರಳಿಗೆ ಬಣ್ಣ ಹತ್ತಿರಲಿಲ್ಲ. ನಾ ನೋಡಿದ್ದೆ. ನೋಡೇ ಹಂಗ ಅಂದೆ.’

ಅವಳ ಕೈ ನಿಂತಿತು. ತಿರುಗಲಿಲ್ಲ. ‘ಅದೂ ಗೊತ್ತೈತ್ರಿ,’ ಎಂದಳು. ‘ನಾ ನಿಮ್ಮ ಬೆರಳನ್ನ ನೋಡಾಕತ್ತಿದ್ನಿ.’

ಹನ್ನೆರಡು ವರ್ಷ ಯಾರೂ ಕಂಡಿಲ್ಲವೆಂದು ಮುಷ್ಟಿಯಲ್ಲಿ ಹಿಡಿದುಕೊಂಡದ್ದನ್ನು ಅವಳು ಅದೇ ಗಳಿಗೆಯಲ್ಲಿ ಕಂಡಿದ್ದಳು. ಬಚ್ಚಿಡುವುದಕ್ಕೆ ಇನ್ನು ಏನೂ ಇಲ್ಲವಲ್ಲ ಎಂಬ ವಿಚಿತ್ರ ಸಮಾಧಾನ ಈರೇಶನಿಗಾಯಿತು.

‘ಅವತ್ತ ಹೇಳಬೇಕಿತ್ತು ನೀನು.’

‘ಯಾರಿಗೆ ಹೇಳಲಿರಿ? ಮಾಸ್ತರ ನೀವ.’

‘ನನ್ನ ಸಲುವಾಗಿ ಸಾಲಿ ಬಿಟ್ಟಿ.’

ಅವಳು ಎರಡು ಹೂವಿಗೆ ದಾರ ಬಿಗಿದಳು. ‘ನಿಮ್ಮ ಸಲುವಾಗಿನೂ ಹೌದ್ರಿ. ನಿಮ್ಮೊಬ್ಬರ ಸಲುವಾಗಿ ಅಲ್ರಿ. ಅವ್ವ ಬಿದ್ದ ಕಾಲ ಮುರಕೊಂಡಿದ್ಲು. ಅಪ್ಪ ಕುರಿ ಹೊಡಕೊಂಡ ಕಲಘಟಗಿ ಕಡೆ ಹೊಂಟಿದ್ದ, ಅಡಗಿಗೆ ಯಾರೂ ಇರಲಿಲ್ಲ. ನಾನ ಹೊಂಟೆ. ನೀವು ಬೈಲಿಲ್ಲಂದ್ರ ಹಟಾ ಹಿಡದ ಇಲ್ಲೇ ಉಳೀತಿದ್ನೋ ಏನೋ. ಮುಂದಿನ ವರ್ಷ ಅಲ್ಲೇ ದೇವಿಕೊಪ್ಪದಾಗ ಸೋದರತ್ತಿ ಮನ್ಯಾಗ ಇದ್ದ ಪರೀಕ್ಷಾಕ್ಕ ಕುಂತೆ. ವಿಜ್ಞಾನದಾಗ ಎಪ್ಪತ್ತೊಂದ ಬಂದಾವ್ರಿ.’ ಮುಂದಿನ ಟೊಪ್ಪಿಗೆ ಕಳಚುತ್ತ, ‘ಸಿಟ್ಟ ಭಾಳ ವರ್ಷ ಇತ್ರಿ ನಿಮ್ಮ ಮ್ಯಾಲ. ಪೂರಾ ಹೋಗೇತಿ ಅಂತ ಈಗೂ ಹೇಳೂದಿಲ್ಲ,’ ಎಂದಳು.

‘ಇರಲಿ. ಅದು ಇರಬೇಕು,’ ಎಂದ ಈರೇಶ. ತಪ್ಪಾಯಿತು ಎಂಬ ಮಾತು ಆಗ ಬಂತು, ತಾನಾಗಿ, ಸಣ್ಣ ದನಿಯಲ್ಲಿ. ಅವಳು ಹೂಂ ಎಂದಳು. ಅಷ್ಟೇ ಅಂದದ್ದು ಅವನಿಗೆ ಒಳ್ಳೆಯದೇ ಎನಿಸಿತು. ಆಮೇಲೆ, ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿಬಿಡಬೇಕೆನಿಸಿ, ‘ನೀ ಕೆರಿಗೆ ಬಿದ್ದ ಸತ್ತೀ ಅಂತ ತಿಳಕೊಂಡಿದ್ದೆ,’ ಎಂದ.

ಈಗ ಅವಳು ತಿರುಗಿದಳು. ಬಿಸಿಲಿಗೆ ಕಂದಿದ, ಇಪ್ಪತ್ತೇಳು ವರ್ಷದ, ತುಂಬ ಜೀವಂತವಾದ ಮುಖ. ‘ಯಾವಾಗಿಂದರಿ?’

‘ಆವಾಗಿಂದನ. ಹನ್ನೆರಡ ವರ್ಷಾತು.’

‘ಯಾರನ್ನರ ಒಬ್ಬರನ್ನ ಕೇಳಿದ್ರ ಮುಗೀತಿತ್ತಲ್ರಿ ಸರ್.’

‘ಹೌದು.’

ಅವಳ ತುಟಿ ಬಿಗಿಯಿತು, ನಡುಗಿತು, ನಗು ಒಡೆದು ಹೊರಬಂತು. ತಡೆಯಲು ಹೋಗಿ ಇನ್ನೂ ಹೆಚ್ಚಾಯಿತು. ‘ಏನಾತಬೇ ಸೀಮಾ?’ ಎಂದು ಆಚೆ ಸಾಲಿನಿಂದ ಯಾರೋ ಕೇಳಿದರು. ‘ನಾ ಸತ್ತ ಹನ್ನೆರಡ ವರ್ಷ ಆತಂತ ದುಂಡವ್ವಾ, ನಮ್ಮ ಸರ್ ಹೇಳಾಕತ್ತಾರ,’ ಎಂದಳು. ದುಂಡವ್ವ ಎಂಬ ಆ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು, ‘ಸತ್ತ ಹೆಣ್ಣಮಗಳ ಹಿಂಗ ಕೆಲಸಾ ಹಚ್ಚತಾಳೇನ್ರಿ ಮಾಸ್ತರ್ರ? ಮುಂಜಾನಿಂದ ನೀರ ಕುಡ್ಯಾಕ ಬಿಟ್ಟಿಲ್ಲ,’ ಎಂದಳು. ಸಾಲುಸಾಲಿನಿಂದ ನಗು ಎದ್ದಿತು. ತನ್ನನ್ನು ನೋಡಿ ಹತ್ತು ಜನ ನಗುತ್ತಿದ್ದಾರೆ ಎಂದು ಈರೇಶನಿಗೆ ತಿಳಿದಿತ್ತು. ಕಿವಿ ಬಿಸಿಯಾಗಲಿ ಎಂದು ಕಾದ. ಆಗಲಿಲ್ಲ. ಅವನ ಹೊಟ್ಟೆಯಿಂದಲೂ ನಗು ಬಂತು. ಎಷ್ಟು ದಿನದ ನಗುವೋ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕ.

ನಗು ಇಳಿದ ಮೇಲೆ ಇಬ್ಬರಿಗೂ ದಾನೇಶ್ವರಿಯ ನೆನಪು ಒಟ್ಟಿಗೇ ಬಂದಿರಬೇಕು. ಅವನು ಮಹಾದೇವಕ್ಕನಿಗೆ ಸುಳ್ಳು ಹೇಳಿ ಬಂದದ್ದನ್ನು ಹೇಳಿದ. ‘ಅಕಿ ಮುಖಾನ ನೆನಪಿಲ್ಲ ಸೀಮಾ. ಹೆಂಗಿದ್ಲು ಅಕಿ?’

‘ನನ್ನ ಬಾಜೂಕ ಕುಂಡ್ರತಿದ್ಲರಿ. ಅವತ್ತ ಎಲ್ಲಾರೂ ನಕ್ರಲ್ರಿ, ಅಕಿ ನಗಲಿಲ್ಲ. ಎಡಗೈಲೆ ಬರೀತಿದ್ಲು. ಬರದದ್ದೆಲ್ಲಾ ಅಂಗೈಗೆ ಹತ್ತತಿತ್ತು.’

ಅಷ್ಟು ಸಾಕಾಯಿತು. ಕರಿಹಲಗೆಯ ಮುಂದೆ ನಿಂತ, ಎಡಗೈಯಿಂದ ಹೃದಯದ ಚಿತ್ರ ಬರೆಯುತ್ತ ಬರೆಯುತ್ತ ಅದೇ ಕೈಯಿಂದ ಒರೆಸಿಕೊಂಡು ಹೋಗುವ, ಕೊನೆಗೆ ತಿರುಗಿ ನೋಡಿ, ಅರ್ಧ ಚಿತ್ರ ಇಲ್ಲದ್ದನ್ನು ಕಂಡು ನಾಲಿಗೆ ಕಚ್ಚಿಕೊಂಡ ಹುಡುಗಿ. ಉದ್ದ ಲಂಗ, ಮೊಣಕೈವರೆಗೆ ಸೀಮೆಸುಣ್ಣ. ಅವಳನ್ನು ನೋಡಿ ತಾನೂ ನಕ್ಕಿದ್ದ, ಬೈದಿರಲಿಲ್ಲ. ನೆನಪು ಎಲ್ಲಿ ಬಿದ್ದಿತ್ತೋ, ಪೂರ್ತಿಯಾಗಿ ಎದ್ದುಬಂತು. ‘ಐತಿ,’ ಎಂದ ಈರೇಶ, ‘ಐತಿ, ನೆನಪ ಐತಿ. ಹೋಗೂಮುಂದ ಅವರವ್ವಗ ಹೇಳ್ತೇನಿ.’

‘ಹೇಳ್ರಿ. ಅಕಿಗೆ ಭಾಳ ಛಲೋ ಅನಸ್ತೈತಿ,’ ಎಂದಳು ಸೀಮಾ. ಮತ್ತೆ ಕೆಲಸ ಮಾಡುತ್ತ, ಅವನು ಕೇಳದೆಯೇ, ಹೇಳತೊಡಗಿದಳು. ಊರು ಬಿಟ್ಟು ಹೋಗುವಾಗ ಕಣ್ಣಿದ್ದ ಒಂದೇ ಗಿಡದ ಬೀಜವನ್ನು ಚೀಟಿಯಲ್ಲಿ ಕಟ್ಟಿ ಒಯ್ದಿದ್ದಳಂತೆ. ದೇವಿಕೊಪ್ಪದ ಕೆಂಪು ಮಣ್ಣಿನಲ್ಲಿ, ಅತ್ತೆಯ ಹಿತ್ತಲಲ್ಲಿ ಹಾಕಿದಳು. ‘ಹನ್ನೊಂದ ಹುಟ್ಟಿದವ್ರಿ. ನಾಕಕ್ಕ ಕಣ್ಣಿತ್ತು, ಆರಕ್ಕ ಇರಲಿಲ್ಲ, ಇನ್ನೊಂದರದ್ದು ಇದ್ದೂ ಇಲ್ಲದಂಗ. ಒಂದ ತಾಯಿ ಬೀಜರಿ ಎಲ್ಲಾ. ಆವಾಗ ನನಗ ಸಮಾಧಾನ ಆತು, ಅದು ಹಂಗ ಇರೂದ ಅಂತ.’ ವಿಜ್ಞಾನದ ಮಾಸ್ತರನಾದ ತಾನು ಇಪ್ಪತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ಒಂದು ಬೀಜ ಹಾಕಿ ನೋಡಿರಲಿಲ್ಲ ಎಂದು ಈರೇಶ ಯೋಚಿಸಿದ. ಹೊಟ್ಟೆಕಿಚ್ಚಿನಂಥ, ಹೆಮ್ಮೆಯಂಥ ಏನೋ ಒಂದು ಅವನೊಳಗೆ ಹಾದುಹೋಯಿತು. ‘ಇಲ್ಲಿ ನನ್ನ ಕೆಲಸಾ ಉಲ್ಟಾ ನೋಡ್ರಿ,’ ಎಂದು ಅವಳು ನಕ್ಕಳು. ‘ಬ್ಯಾರೆ ನಮೂನಿ ಹೂವು ಕಂಡ್ರ ಆ ಗಿಡಾ ಕಿತ್ತ ಒಗೀಬೇಕು, ಇಲ್ಲಂದ್ರ ಬೀಜ ಕೆಡತಾವು. ಬದುವಿನ್ಯಾಗಿನ ಮುದ್ರಿ ಮಾತ್ರ ಕೀಳಾಕ ಬಿಡೂದಿಲ್ರಿ ನಾ.’

ಬಿಸಿಲು ಏರಿತ್ತು. ಅವಳು ಹುಬ್ಬಿನ ಮೇಲೆ ಕೈ ಮರೆಮಾಡಿ ಹೊಲದ ಕಡೆ ಒಮ್ಮೆ ನೋಡಿದಳು. ‘ಇವತ್ತ ಇಬ್ಬರು ಬಂದಿಲ್ರಿ. ಈ ಬಾಜೂನ ಸಾಲ ಹಂಗ ಉಳದೈತಿ. ಕೈ ಹಚ್ಚತೀರೇನ್ರಿ ಸರ್?’

‘ನನಗ ಬರೂದಿಲ್ಲಲ್ಲ. ಮನಿಗೋಳು ಬ್ಯಾರೆ ಉಳದಾವು.’

‘ಮನಿ ಎಲ್ಲಿ ಹೋಕ್ಕಾವ್ರಿ, ಮಧ್ಯಾಹ್ನಾ ಮ್ಯಾಲೆ ಮಾಡ್ರಿ. ಹೂವಿನ ಹೊತ್ತ ನಿಲ್ಲೂದಿಲ್ಲ.’

ಅವನು ಚೀಲವನ್ನು ಬದುವಿನ ಮೇಲಿಟ್ಟು ಅಂಗಿಯ ತೋಳು ಮಡಚಿದ. ಸೀಮಾ ಬುಟ್ಟಿಯಿಂದ ಒಂದು ಗಂಡುಹೂವು ಅವನ ಕೈಗೆ ಕೊಟ್ಟಳು. ಪಕಳೆಯನ್ನು ಹಿಂದಕ್ಕೆ ಮಡಚಿ ಹಿಡಿಯುವುದು ಹೇಗೆ, ಒಂದು ಹೂವಿನ ಹುಡಿ ನಾಲ್ಕೈದಕ್ಕೆ ಹೇಗೆ ಸಾಲುತ್ತದೆ ಎಂದು ತೋರಿಸಿದಳು. ಅವನು ಮೊದಲ ಟೊಪ್ಪಿಗೆ ಕಳಚಿದ. ಒಳಗೆ ದಾರದಷ್ಟು ಸಣ್ಣ, ತುದಿ ಹಸಿಯಾದ ಒಂದು ಕಡ್ಡಿ ಬೆತ್ತಲೆಯಾಗಿ ನಿಂತಿತ್ತು. ಪುಸ್ತಕದಲ್ಲಿ ಅದಕ್ಕಿರುವ ಹೆಸರು ಅವನಿಗೆ ಗೊತ್ತಿತ್ತು. ಅದು ಇಷ್ಟು ಎಳೆಯದೆಂದು ಗೊತ್ತಿರಲಿಲ್ಲ. ಹುಡಿ ಚೆನ್ನಾಗಿ ಹತ್ತಲಿ ಎಂದು ಒತ್ತಿದ. ಕಡ್ಡಿ ಟಕ್ಕೆಂದು ಮುರಿದು ಹೂವಿನ ಜೊತೆಗೇ ಬಂತು. ಅವನು ಅದನ್ನು ಅಂಗೈ ಮೇಲಿಟ್ಟುಕೊಂಡು, ಕೈ ಚಾಚಿ, ಅವಳಿಗೆ ತೋರಿಸಿದ.

‘ಮುರೀತು ಸೀಮಾ.’

ಅವಳು ಅವನ ಅಂಗೈಯನ್ನು ನೋಡಿದಳು. ‘ಹೂಂ. ಹಂಗ ಒತ್ತಬಾರದ್ರಿ ಸರ್. ಹಗೂರಕ, ಮುಟ್ಟೀತೋ ಇಲ್ಲೋ ಅನ್ನೂ ಹಂಗ ತಾಗಿಸ್ರಿ.’

‘ಇದು?’

‘ಅದು ಹೋತ್ರಿ,’ ಎಂದಳು ಸೀಮಾ, ಬುಟ್ಟಿಯನ್ನು ಅವನ ಕಡೆ ಸರಿಸುತ್ತ. ‘ಇನ್ನೊಂದ ತಗೋರಿ.’